ಸ್ಯಾಪರ್ ಅಜ್ಜನ ಬಾಳು ಬರೆಯುವಾಗ

(ಮಾಜಿ ಸೈನಿಕರ ಮನೆಯವರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ)

"ಅಜ್ಜ ಶಿಸ್ತಿನ ಮನುಷ್ಯ. ಬೆಳಗ್ಗೆ ಐದಕ್ಕೇ ಏಳುತ್ತಿದ್ದರು. ದೇಶಕ್ಕಾಗಿ ದುಡಿದರು. ಯಾರ ಮುಂದೆಯೂ ಕೈಚಾಚಲಿಲ್ಲ." ವೈಕುಂಠ ಸಮಾರಾಧನೆಯ ದಿನ ಓದುವ ನುಡಿನಮನಗಳಲ್ಲಿ ಹೆಚ್ಚಿನವು ಈ ನಾಲ್ಕು ಸಾಲಿನಲ್ಲೇ ಮುಗಿಯುತ್ತವೆ. ಸಾಲುಗಳು ಸುಳ್ಳಲ್ಲ. ಆದರೆ ಹೆಸರು ಬದಲಿಸಿದರೆ ಅಂಚೆ ಇಲಾಖೆಯ ಅಜ್ಜನಿಗೂ ನಡೆಯುತ್ತವೆ, ಅಡಿಕೆ ಮಂಡಿಯ ಅಜ್ಜನಿಗೂ ನಡೆಯುತ್ತವೆ. ಸೇನೆಯ ಎಂಜಿನಿಯರ್ ಪಡೆಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಕಳೆದವರು ದಿನವಿಡೀ ಮಾಡುತ್ತಿದ್ದುದು ಏನು, ಅವರ ಕೈಗೆ ಯಾವ ಕೆಲಸ ಗೊತ್ತಿತ್ತು, ಆ ಕೆಲಸ ಎಲ್ಲಿ ಕೆಡುತ್ತಿತ್ತು? ಅದನ್ನು ಮನೆಯವರು ಕೇಳಿರುವುದಿಲ್ಲ. ಅಜ್ಜ ಹೇಳಲಿಲ್ಲ ಎಂದು ದೂರುತ್ತೇವೆ. ಹೇಳಿಸುವಂಥ ಪ್ರಶ್ನೆ ನಮ್ಮ ಬಳಿ ಇರಲಿಲ್ಲ ಎನ್ನುವುದೇ ಸರಿ. "ಯುದ್ಧದಲ್ಲಿ ಏನಾಯ್ತು ಅಜ್ಜ?" ಎಂದರೆ ಯಾರಾದರೂ ಎಲ್ಲಿಂದ ಶುರು ಮಾಡಬೇಕು?

ಇವತ್ತಿನ ಮಾತೆಲ್ಲ ಆ ಪ್ರಶ್ನೆಗಳನ್ನು ಹೊಂದಿಸಿಕೊಳ್ಳುವ ಬಗೆಯದು. ಅದಕ್ಕೆ ಬೇಕಾದ ಸಾಮಗ್ರಿ ಸಾಮಾನ್ಯವಾಗಿ ಅಟ್ಟದ ಮೇಲಿನ ಕಪ್ಪು ಟ್ರಂಕಿನಲ್ಲೇ ಇರುತ್ತದೆ. ಕರ್ನಾಟಕದ ಮನೆಗಳಲ್ಲಿ ಎಂಜಿನಿಯರ್ ಪಡೆ ಎಂದರೆ ಹೆಚ್ಚಾಗಿ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಎಂ.ಇ.ಜಿ. 1780ರ ಸೆಪ್ಟೆಂಬರ್ 30ರಂದು ಮದ್ರಾಸ್ ಪಯನಿಯರ್ಸ್ ಎಂಬ ಎರಡು ಕಂಪನಿಗಳಾಗಿ ಹುಟ್ಟಿದ ಪಡೆ ಇದು. ಈ ಸೈನಿಕರಿಗೆ 'ತಂಬಿ' ಎಂಬ ಅಡ್ಡಹೆಸರು ಇವತ್ತಿಗೂ ಇದೆ. ಹಾಗಾಗಿ ಉದಾಹರಣೆಗಳನ್ನೆಲ್ಲ ಎಂಜಿನಿಯರ್ ಪಡೆಯ ಸೈನಿಕರಾದ ಸ್ಯಾಪರ್‌ಗಳಿಂದಲೇ ತೆಗೆದುಕೊಳ್ಳುತ್ತೇನೆ.

ಟ್ರಂಕು ತೆರೆಯುವ ಮೊದಲು ಒಂದು ಎಚ್ಚರಿಕೆ. ಸ್ಯಾಪರ್‌ಗಳು ಸ್ಫೋಟಕದೊಂದಿಗೆ ಕೆಲಸ ಮಾಡಿದವರು, ನೆನಪಿಗೆಂದು ಏನಾದರೂ ತಂದಿಟ್ಟಿರುವ ಸಾಧ್ಯತೆ ಇದೆ. ಪೆನ್ಸಿಲಿನಷ್ಟು ದಪ್ಪದ, ಬೆರಳುದ್ದದ ಅಲ್ಯೂಮಿನಿಯಂ ಅಥವಾ ತಾಮ್ರದ ನಳಿಕೆ ಕಂಡರೆ ಅದು ಡಿಟೋನೇಟರ್ ಇರಬಹುದು. ಹಳೆಯದಾದಷ್ಟೂ ನಂಬುವಂತಿಲ್ಲ. ಉಜ್ಜಬೇಡಿ, ಅಲುಗಾಡಿಸಬೇಡಿ, "ಒಳಗೇನಿದೆ ನೋಡೋಣ" ಎಂದು ಕೆರೆಯಬೇಡಿ. ಮಕ್ಕಳನ್ನು ಹೊರಗೆ ಕಳಿಸಿ, ಟ್ರಂಕನ್ನು ಇದ್ದಲ್ಲೇ ಬಿಟ್ಟು 112ಕ್ಕೆ ಫೋನ್ ಮಾಡಿ. ಖಾಲಿ ಎಂದು ಎಲ್ಲರೂ ಹೇಳುವ ಶೆಲ್ಲಿಗೂ ಇದೇ ನಿಯಮ.

ಅಂಥದ್ದೇನೂ ಇಲ್ಲವೆಂದಾದರೆ ಮೊದಲು ಹುಡುಕಬೇಕಾದ್ದು ಡಿಸ್ಚಾರ್ಜ್ ಬುಕ್. ಜವಾನ್ ಅಥವಾ ಜೆ.ಸಿ.ಒ. (ಜೂನಿಯರ್ ಕಮಿಷನ್ಡ್ ಆಫೀಸರ್, ಜವಾನರಿಗೂ ಆಫೀಸರರಿಗೂ ನಡುವಿನ ದರ್ಜೆ) ಆಗಿ ನಿವೃತ್ತರಾದವರಿಗೆ ಕೊಡುವ ಪುಸ್ತಕ ಅದು. ಮನೆಯವರು ಅದನ್ನು ಪಿಂಚಣಿಗೆ ಬೇಕಾದ ಕಾಗದ ಎಂದಷ್ಟೇ ಕಾಣುತ್ತಾರೆ. ನಿಜಕ್ಕೂ ಅದು ಒಂದು ಜೀವನಚರಿತ್ರೆಯ ಅಸ್ಥಿಪಂಜರ: ಸೇರಿದ ದಿನ, ಬಿಟ್ಟ ದಿನ, ಟ್ರೇಡ್, ಅದರ ದರ್ಜೆ, ಪಾಸು ಮಾಡಿದ ಪರೀಕ್ಷೆಗಳು, ಪದಕಗಳು, ನಡತೆಯ ಬಗ್ಗೆ ಒಂದು ಮಾತು. ಇವುಗಳಲ್ಲಿ ಟ್ರೇಡ್ ಎಂಬ ಕಾಲಮ್ಮಿನ ಮೇಲೆ ಬೆರಳಿಟ್ಟು ನಿಲ್ಲಿ. ಸ್ಯಾಪರ್ ಎಂದರೆ ಬಂದೂಕು ಹಿಡಿಯುವುದರ ಜೊತೆಗೆ ಒಂದು ಕಸುಬೂ ಇರುವವನು: ಬಡಗಿ, ಕಮ್ಮಾರ, ಗಾರೆ ಕೆಲಸದವ, ವೆಲ್ಡರ್, ಎಲೆಕ್ಟ್ರಿಷಿಯನ್, ಡ್ರಾಫ್ಟ್ಸ್‌ಮನ್, ಸರ್ವೇಯರ್, ಬುಲ್ಡೋಜರ್ ಓಡಿಸುವ ಆಪರೇಟರ್. ಟ್ರೇಡ್ ಗೊತ್ತಾಗುವವರೆಗೆ ನೀವು ಕೇಳುವ ಪ್ರಶ್ನೆಗಳಲ್ಲಿ ಅರ್ಧ ವ್ಯರ್ಥ. ಡ್ರಾಫ್ಟ್ಸ್‌ಮನ್ ಅಜ್ಜನನ್ನು ಬುಲ್ಡೋಜರ್ ಬಗ್ಗೆ ಕೇಳಿದರೆ ಅವರು ವಿನಯದಿಂದ "ಹೂಂ" ಎಂದು ಸುಮ್ಮನಾಗುತ್ತಾರೆ, ಅಷ್ಟೆ.

ಶಿಕ್ಷಣದ ಕಾಲಮ್ಮೂ ಮಾತಾಡುತ್ತದೆ. ಹಳ್ಳಿಯಲ್ಲಿ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು ಸೇನೆಯ ಶಿಕ್ಷಣ ಸರ್ಟಿಫಿಕೇಟುಗಳನ್ನೂ ಮ್ಯಾಪ್ ರೀಡಿಂಗ್ ಪರೀಕ್ಷೆಯನ್ನೂ ಪಾಸು ಮಾಡಿದ್ದು ಅಲ್ಲಿ ಕಾಣುತ್ತದೆ. ಅಜ್ಜ ನೆಲದ ಏರಿಳಿತ ತೋರಿಸುವ ಕಂಟೂರ್ ನಕ್ಷೆ ಓದಲು ಕಲಿತದ್ದು ಯಾವ ವಯಸ್ಸಿನಲ್ಲಿ, ಯಾವ ಭಾಷೆಯಲ್ಲಿ? ಇದು ಕೇಳಬೇಕಾದ ಪ್ರಶ್ನೆ.

ಈ ಪುಸ್ತಕದಲ್ಲಿ ಎರಡು ಕಡೆ ಮನೆಯವರು ಎಡವುತ್ತಾರೆ. ಒಂದು, ಹುಟ್ಟಿದ ದಿನ. ಭರ್ತಿಯ ದಿನ ಅಂದಾಜಿನಲ್ಲಿ ಬರೆಸಿದ ವಯಸ್ಸು, ಶಾಲೆಯಲ್ಲಿ ಮೇಷ್ಟ್ರು ಜೂನ್ ಒಂದು ಎಂದು ಬರೆದದ್ದು, ಮನೆಯ ಜಾತಕ, ಮೂರೂ ಬೇರೆ ಬೇರೆ ಇರುವುದು ಮಾಮೂಲು. ಒಂದನ್ನು ಆರಿಸಿ ಉಳಿದದ್ದನ್ನು ಅಳಿಸಬೇಡಿ. "ದಾಖಲೆಯಲ್ಲಿ ಇದು, ಜಾತಕದಲ್ಲಿ ಇದು" ಎಂದು ಎರಡನ್ನೂ ಬರೆಯಿರಿ. ಇನ್ನೊಂದು, ಊರಿನ ವಿಳಾಸ. ದಾವಣಗೆರೆ, ಹಾವೇರಿ, ಗದಗ, ಬಾಗಲಕೋಟೆ, ಕೊಪ್ಪಳ, ಉಡುಪಿ, ಚಾಮರಾಜನಗರ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಮೊದಲಿನ ಕಾಗದದಲ್ಲಿ ಹಾವೇರಿಯವರು ಧಾರವಾಡ ಜಿಲ್ಲೆಯವರು. 1956ಕ್ಕೂ ಹಿಂದೆ ಸೇರಿದವರಾದರೆ ರಾಜ್ಯವೇ ಬೇರೆ: ಧಾರವಾಡದವರು ಬೊಂಬಾಯಿ, ಮಂಗಳೂರಿನವರು ಮದ್ರಾಸ್, ಮಡಿಕೇರಿಯವರು ಕೊಡಗು ರಾಜ್ಯ. "ನಮ್ಮಜ್ಜನ ದಾಖಲೆ ಸಿಗುತ್ತಲೇ ಇಲ್ಲ" ಎನ್ನುವವರಲ್ಲಿ ಹಲವರು ಇವತ್ತಿನ ಜಿಲ್ಲೆಯ ಹೆಸರು ಕೊಟ್ಟು ಹುಡುಕುತ್ತಿರುತ್ತಾರೆ.

ಪುಸ್ತಕ ಸಿಗದಿದ್ದರೆ ಪಿಂಚಣಿ ಆದೇಶ, ಅಂದರೆ ಪಿ.ಪಿ.ಒ. ಹುಡುಕಿ. ಅದರಲ್ಲಿ ಆರ್ಮಿ ನಂಬರ್, ರ‍್ಯಾಂಕ್, ಸೇವೆಯ ಅವಧಿ ಇರುತ್ತವೆ. ನಂಬರ್ ಸಿಕ್ಕಿದರೆ ದಾರಿ ತೆರೆದಂತೆ. ಜವಾನರ ಮತ್ತು ಜೆ.ಸಿ.ಒ.ಗಳ ಕಡತ ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಸೇರಿದ್ದು, ಎಂ.ಇ.ಜಿ.ಯವರದು ಬೆಂಗಳೂರಿನಲ್ಲೇ ಇದೆ. ಆಫೀಸರ್‌ಗಳದು ದೆಹಲಿಯ ಸೇನಾ ಕೇಂದ್ರ ಕಚೇರಿ. ನಂಬರಿನ ಮುಂದಿನ ಅಕ್ಷರವೇ ಯಾವುದೆಂದು ಹೇಳುತ್ತದೆ: 'ಐ.ಸಿ.' ಇದ್ದರೆ ಕಾಯಂ ಕಮಿಷನ್ ಪಡೆದ ಆಫೀಸರ್, 'ಎಸ್.ಎಸ್.' ಇದ್ದರೆ ಶಾರ್ಟ್ ಸರ್ವಿಸ್, 'ಇ.ಸಿ.' ಇದ್ದರೆ ಎಮರ್ಜೆನ್ಸಿ ಕಮಿಷನ್, 'ಜೆ.ಸಿ.' ಇದ್ದರೆ ಜೆ.ಸಿ.ಒ. ಇ.ಸಿ. ನಂಬರಿನ ಅಜ್ಜ ಸಿಕ್ಕರೆ ಅವರ ಹಿಂದೆ ಬೇರೆಯೇ ಕಥೆ ಇರುತ್ತದೆ. 1962ರ ಚೀನಾ ಯುದ್ಧದ ನಂತರ ಆಫೀಸರ್‌ಗಳ ಕೊರತೆ ಬಿದ್ದು, ಹೊರಗಿನ ಕೆಲಸದಲ್ಲಿದ್ದ ಪದವೀಧರರೂ ಎಂಜಿನಿಯರ್‌ಗಳೂ ಅವಸರದ ತರಬೇತಿ ಪಡೆದು ಸಮವಸ್ತ್ರ ತೊಟ್ಟ ಕಾಲ ಅದು. ಯಾವ ಕೆಲಸ ಬಿಟ್ಟು ಹೋದರು, ಮನೆಯಲ್ಲಿ ಯಾರು ಬೇಡವೆಂದರು, ಎಂದು ಕೇಳಬಹುದು.

ರ‍್ಯಾಂಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಶ್ರದ್ಧಾಂಜಲಿ ಜಾಹೀರಾತುಗಳಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಸುಬೇದಾರ್ ಮೇಜರ್ ಎಂದರೆ ಜೆ.ಸಿ.ಒ.ಗಳಲ್ಲಿ ಅತಿ ದೊಡ್ಡ ಹುದ್ದೆ, ಅದು ಮೇಜರ್ ಅಲ್ಲ. ಉದ್ದವಾಯಿತೆಂದು 'ಸುಬೇದಾರ್' ಕತ್ತರಿಸಿದರೆ ಬೇರೆಯೇ ಮನುಷ್ಯನಾಗುತ್ತಾನೆ. ಹಾಗೆಯೇ ಹಾನರರಿ ಕ್ಯಾಪ್ಟನ್, ಹಾನರರಿ ಲೆಫ್ಟಿನೆಂಟ್. ಜವಾನನಾಗಿ ಸೇರಿ ಒಂದೊಂದೇ ಮೆಟ್ಟಿಲು ಹತ್ತಿದ ಜೆ.ಸಿ.ಒ.ಗಳಲ್ಲಿ ಆಯ್ದ ಕೆಲವರಿಗೆ ಗಣರಾಜ್ಯೋತ್ಸವ ಅಥವಾ ಸ್ವಾತಂತ್ರ್ಯೋತ್ಸವದಂದು ಕೊಡುವ ಗೌರವ ಅದು. 'ಹಾನರರಿ' ಎಂಬುದು ಕಡಿಮೆ ಎಂದು ಕೆಲವರು ಅದನ್ನು ಬಿಟ್ಟುಬಿಡುತ್ತಾರೆ. ಬಿಟ್ಟರೆ ಆ ಮೆಟ್ಟಿಲುಗಳೆಲ್ಲ ಅಳಿಸಿಹೋಗುತ್ತವೆ, ಬಲ್ಲವರ ಕಣ್ಣಿಗೆ ಅದು ದೊಡ್ಡ ನಷ್ಟ. ಹಳೆಯ ಕಾಗದದಲ್ಲಿ 'ಜಮಾದಾರ್' ಎಂದಿದ್ದರೆ ಗಾಬರಿಯಾಗಬೇಡಿ, 1965ರಲ್ಲಿ ಆ ಹುದ್ದೆಗೆ ನಾಯಬ್ ಸುಬೇದಾರ್ ಎಂದು ಹೆಸರು ಬದಲಾಯಿತು. ಫೋಟೋದಲ್ಲಿ ತೋಳಿನ ಪಟ್ಟಿ ಒಂದಿದ್ದರೆ ಲ್ಯಾನ್ಸ್ ನಾಯ್ಕ್, ಎರಡಿದ್ದರೆ ನಾಯ್ಕ್, ಮೂರಿದ್ದರೆ ಹವಲ್ದಾರ್.

ಇನ್ನು ಪದಕಗಳು. ಒಂದು ಪಟ್ಟಿಯಲ್ಲಿ ನಾಲ್ಕೈದು ಪದಕ ನೇತಾಡುವುದನ್ನು ಕಂಡ ಕೂಡಲೇ "ಅಜ್ಜನಿಗೆ ಶೌರ್ಯಕ್ಕಾಗಿ ಐದು ಪದಕ" ಎಂದು ಬರೆಯುವುದು ಮಾಮೂಲು. ಹೆಚ್ಚಿನವು ಶೌರ್ಯ ಪದಕಗಳಲ್ಲ. ಎಲ್ಲಿದ್ದರು, ಯಾವಾಗ ಇದ್ದರು ಎಂಬುದಕ್ಕೆ ಕೊಟ್ಟವು. ಅದರಿಂದ ಅವುಗಳ ಬೆಲೆ ಕಡಿಮೆಯಾಗುವುದಿಲ್ಲ. ನಮ್ಮ ಕೆಲಸಕ್ಕಂತೂ ಶೌರ್ಯ ಪದಕಕ್ಕಿಂತ ಇವೇ ಹೆಚ್ಚು ಉಪಯುಕ್ತ, ಏಕೆಂದರೆ ಇವು ನಕ್ಷೆ. 1971ರ ಯುದ್ಧಕ್ಕೆ ಮೂರು ಪದಕಗಳಿವೆ: ಪೂರ್ವ ರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮ ರಂಗದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಜೊತೆಗೆ ಸಂಗ್ರಾಮ್ ಮೆಡಲ್. ಮನೆಯಲ್ಲಿ "ಅಜ್ಜ ಢಾಕಾವರೆಗೂ ಹೋಗಿದ್ದರು" ಎಂಬ ಮಾತಿದ್ದು, ಪಟ್ಟಿಯಲ್ಲಿ ಪಶ್ಚಿಮಿ ಸ್ಟಾರ್ ಇದ್ದರೆ, ಎರಡರಲ್ಲೊಂದು ಸರಿಯಿಲ್ಲ. ಬರೆಯುವ ಮೊದಲು ವಿಚಾರಿಸಬೇಕು. 1965ಕ್ಕೆ ಸಮರ್ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್. ಸ್ಟಾರ್ ಇದ್ದರೆ ಕಾಳಗದ ಪ್ರದೇಶದಲ್ಲಿದ್ದರು ಎಂದು ಅರ್ಥ. 1947-48ರ ಕಾಶ್ಮೀರ ಕಾರ್ಯಾಚರಣೆಗೆ ಜನರಲ್ ಸರ್ವಿಸ್ ಮೆಡಲ್, ಅದರ ರಿಬ್ಬನ್ನಿನ ಮೇಲೆ 'ಜಮ್ಮು ಮತ್ತು ಕಾಶ್ಮೀರ' ಎಂಬ ಲೋಹದ ಪಟ್ಟಿ. ಸೈನ್ಯ ಸೇವಾ ಮೆಡಲ್ ಆದರೆ ಈ ಲೋಹದ ಪಟ್ಟಿಯೇ ಮುಖ್ಯ: ಹಿಮಾಲಯ, ನೇಫಾ (ಇವತ್ತಿನ ಅರುಣಾಚಲ ಪ್ರದೇಶ), ಬಂಗಾಳ-ಅಸ್ಸಾಂ, ಅಂಡಮಾನ್ ಮತ್ತು ನಿಕೋಬಾರ್, ಮರುಸ್ಥಲ ಹೀಗೆ. ವಿದೇಶ್ ಸೇವಾ ಮೆಡಲ್ ಇದ್ದರೆ ಹೊರದೇಶಕ್ಕೆ ಹೋಗಿದ್ದರು. ಯಾವ ದೇಶ ಎಂಬುದೂ ಪಟ್ಟಿಯಲ್ಲೇ ಇರುತ್ತದೆ. 1972ರ ಸ್ವಾತಂತ್ರ್ಯದ ಬೆಳ್ಳಿಹಬ್ಬದ ಪದಕ, ಒಂಬತ್ತು ವರ್ಷ, ಇಪ್ಪತ್ತು ವರ್ಷದ ದೀರ್ಘ ಸೇವೆಯ ಪದಕಗಳು ಕಾಲವನ್ನು ಹೇಳುತ್ತವೆ, ಜಾಗವನ್ನಲ್ಲ. ಮುತ್ತಜ್ಜನ ಕಾಲದ ಪೆಟ್ಟಿಗೆಯಲ್ಲಿ ಆರು ಮೂಲೆಯ ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್ ಸಿಗಬಹುದು.

ದುಂಡು ಪದಕದ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನಂಬರ್, ರ‍್ಯಾಂಕ್, ಹೆಸರು ಅಲ್ಲಿ ಕೊರೆದಿರುತ್ತದೆ. ಅಂಚು ನುಣುಪಾಗಿದ್ದರೆ ಅದು ಅಸಲಿಯ ಬದಲು ಅಂಗಡಿಯಲ್ಲಿ ಕೊಂಡ ನಕಲು ಇರಬಹುದು, ಎಷ್ಟೋ ಮಂದಿ ಅಸಲಿಯನ್ನು ಪೆಟ್ಟಿಗೆಯಲ್ಲಿಟ್ಟು ಪರೇಡಿಗೆ ನಕಲು ಹಾಕುತ್ತಿದ್ದರು. ಹಬ್ಬಕ್ಕೊಮ್ಮೆ ಬ್ರಾಸೋ ಹಾಕಿ ತಿಕ್ಕುವ ಪ್ರೀತಿಯ ಮೊಮ್ಮಕ್ಕಳೇ ಪದಕಕ್ಕೆ ದೊಡ್ಡ ಶತ್ರು. ತಿಕ್ಕಿದಷ್ಟೂ ಅಂಚಿನ ಅಕ್ಷರ ಸವೆಯುತ್ತದೆ, ಪಾಲಿಶ್ ರಿಬ್ಬನ್ನಿಗೆ ತಾಗಿ ಬಿಳಿ ಕಲೆ ಉಳಿಯುತ್ತದೆ. ಒಣ ಹತ್ತಿ ಬಟ್ಟೆಯಿಂದ ಒರೆಸಿ, ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಕಾಗದದಲ್ಲಿ ಸುತ್ತಿಡಿ. ಸಾಕು.

ಟ್ರಂಕಿನ ಕಾಗದಗಳಲ್ಲಿ ಅರ್ಧಕ್ಕೆ ದಿನಾಂಕವೇ ಇರುವುದಿಲ್ಲ. ಆದರೆ ಕಾಲದ ಗುರುತು ಎಲ್ಲೋ ಇರುತ್ತದೆ. ಟೋಪಿಯ ಬ್ಯಾಡ್ಜಿನ ಮೇಲೆ ಕಿರೀಟವಿದ್ದರೆ ಅದು 1950ರ ಜನವರಿಗಿಂತ ಹಿಂದಿನ ಫೋಟೋ, ಅಶೋಕನ ಸಿಂಹವಿದ್ದರೆ ನಂತರದ್ದು. ಕಾಗದದ ಮೇಲೆ 'ರಾಯಲ್ ಇಂಡಿಯನ್ ಎಂಜಿನಿಯರ್ಸ್' ಎಂದಿದ್ದರೆ 1946ರಿಂದ 1950ರ ನಡುವಿನದು. ಲೆಕ್ಕ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗೆ ಮುಂಚಿನದು, ನಯಾಪೈಸೆಯಲ್ಲಿದ್ದರೆ ಅದರ ನಂತರದ ಏಳು ವರ್ಷಗಳದು. ವಿಳಾಸದಲ್ಲಿ ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರ್‌ಗೆ ಹಿಂದೆ. ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರ. ರಂಗದಿಂದ ಬಂದ ಕಾಗದದಲ್ಲಿ ಊರಿನ ಹೆಸರು ಇರುವುದಿಲ್ಲ, '56 ಎ.ಪಿ.ಒ.' ಅಥವಾ '99 ಎ.ಪಿ.ಒ.' ಎಂಬ ಸೇನಾ ಅಂಚೆ ಕಚೇರಿಯ ಗುರುತು ಇರುತ್ತದೆ. 56ರ ಟಪಾಲು ದೆಹಲಿಯಿಂದ ಹಂಚಿಕೆಯಾಗುತ್ತಿತ್ತು, 99ರದು ಕಲ್ಕತ್ತೆಯಿಂದ. ಹಾಗಾಗಿ 99 ಕಂಡರೆ ಅಜ್ಜ ಆಗ ಪೂರ್ವದ ಕಡೆ ಇದ್ದರು ಎಂದು ತಿಳಿಯಿರಿ. ಲಕೋಟೆಯನ್ನು ಎಸೆದು ಕಾಗದ ಮಾತ್ರ ಇಡುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಎಂಜಿನಿಯರ್ ಅಜ್ಜನ ಟ್ರಂಕಿನಲ್ಲಿ ಮಾತ್ರ ಸಿಗುವ ಇನ್ನೊಂದು ಪುಸ್ತಕವಿದೆ: ಲೆವೆಲ್ ಬುಕ್. ಉದ್ದುದ್ದ ಕಾಲಮ್ಮುಗಳಲ್ಲಿ ಪೆನ್ಸಿಲಿನ ಅಂಕಿಗಳು, ರದ್ದಿಗೆ ಹಾಕಲು ಮೊದಲು ಕೈಗೆ ಬರುವುದೂ ಇದೇ. ನೆಲದ ಏರುಪೇರು ಅಳೆಯಲು ಡಂಪಿ ಲೆವೆಲ್ ಎಂಬ ದುರ್ಬೀನನ್ನು ಮೂರು ಕಾಲಿನ ಮೇಲೆ ಮಟ್ಟವಾಗಿ ನಿಲ್ಲಿಸಿ, ದೂರದಲ್ಲಿ ಹಿಡಿದ ಅಳತೆಕೋಲನ್ನು ಓದುತ್ತಾರೆ. ಉಪಕರಣ ಇಟ್ಟ ಮೇಲೆ ಮೊದಲು ಓದಿದ್ದು ಬ್ಯಾಕ್ ಸೈಟ್, ಅಲ್ಲಿಂದ ಎತ್ತುವ ಮೊದಲು ಕೊನೆಗೆ ಓದಿದ್ದು ಫೋರ್ ಸೈಟ್, ನಡುವಿನವು ಇಂಟರ್ ಸೈಟ್. ಪುಟದ ಕೆಳಗೆ ಒಂದು ತಾಳೆ ಇರುತ್ತದೆ: ಬ್ಯಾಕ್ ಸೈಟುಗಳ ಮೊತ್ತದಲ್ಲಿ ಫೋರ್ ಸೈಟುಗಳ ಮೊತ್ತ ಕಳೆದರೆ, ಕೊನೆಯ ಮಟ್ಟದಲ್ಲಿ ಮೊದಲ ಮಟ್ಟ ಕಳೆದಷ್ಟೇ ಬರಬೇಕು. ಉದಾಹರಣೆಗೆ ಬ್ಯಾಕ್ ಸೈಟುಗಳು ಒಟ್ಟು 18.45, ಫೋರ್ ಸೈಟುಗಳು ಒಟ್ಟು 12.20 ಎಂದಿಟ್ಟುಕೊಳ್ಳಿ. ವ್ಯತ್ಯಾಸ 6.25. ಶುರುವಿನ ಮಟ್ಟ 100.00 ಆಗಿದ್ದರೆ ಕೊನೆಯದು 106.25 ಇರಲೇಬೇಕು. ಬರದಿದ್ದರೆ ಕೂಡಿಕೆಯಲ್ಲೋ ಕಳೆಯುವಿಕೆಯಲ್ಲೋ ತಪ್ಪಿದೆ. ಕೋಲನ್ನೇ ತಪ್ಪಾಗಿ ಓದಿದ್ದರೆ ಈ ತಾಳೆ ಹಿಡಿಯುವುದಿಲ್ಲ. ಅದಕ್ಕೆ ಶುರು ಮಾಡಿದ ಜಾಗಕ್ಕೇ ಅಳೆಯುತ್ತ ವಾಪಸು ಬರಬೇಕು. ದಿನದ ಕೊನೆಯಲ್ಲಿ ದಣಿದ ಕೈ ಈ ತಾಳೆ ಹಾಕಿದೆಯೋ ಇಲ್ಲವೋ ಎಂಬುದು ಪುಟ ನೋಡಿದರೆ ಗೊತ್ತಾಗುತ್ತದೆ. "ಅಜ್ಜ ಶಿಸ್ತಿನ ಮನುಷ್ಯ" ಎನ್ನುವುದಕ್ಕೆ ಪುರಾವೆ ಬೇಕೆನ್ನುವವರು ಆ ಪುಟವನ್ನೇ ಸ್ಕ್ಯಾನ್ ಮಾಡಿ ಹಾಕಬಹುದು.

ಒಂದು ಬಲೆ ಇದೆ. ಮಟ್ಟ 100.00 ಎಂದು ಶುರುವಾಗಿದ್ದರೆ ಅದು ಸಮುದ್ರಮಟ್ಟದಿಂದ ನೂರಡಿ ಎಂದು ಅರ್ಥವಲ್ಲ. ಹತ್ತಿರದಲ್ಲಿ ಸರ್ವೆ ಆಫ್ ಇಂಡಿಯಾದ ಬೆಂಚ್ ಮಾರ್ಕ್ (ಎತ್ತರ ಮೊದಲೇ ಅಳೆದಿಟ್ಟ ಗುರುತು) ಸಿಗದಾಗ ಒಂದು ಬಂಡೆಯನ್ನೋ ಕಟ್ಟೆಯನ್ನೋ ಹಿಡಿದು ನೂರು ಎಂದು ಇಟ್ಟುಕೊಳ್ಳುತ್ತಾರೆ. ಅಂಕಿ 11,500ರ ಆಸುಪಾಸಿದ್ದು ಅಳತೆ ಅಡಿಯಲ್ಲಿದ್ದರೆ ಲೇಹ್ ಪಟ್ಟಣದಷ್ಟು ಎತ್ತರದ ಜಾಗ ಎಂದು ಊಹಿಸಬಹುದು. ಬಲಗಡೆಯ ಷರಾ ಕಾಲಮ್ಮನ್ನು ಬಿಡಬೇಡಿ. "ಕಲ್ವರ್ಟಿನ ಎಡಗೋಡೆ", "ಒಣಮರದ ಬುಡ" ಎಂಬ ಮಾತುಗಳು ಇರುವುದು ಅಲ್ಲೇ. ಟ್ರಂಕಿನಲ್ಲಿ 'ನಿರ್ಬಂಧಿತ' ಮುದ್ರೆಯ ಗಡಿ ನಕ್ಷೆಯಿದ್ದರೆ ಮಾತ್ರ ಅದನ್ನು ಫೋಟೋ ತೆಗೆದು ಎಲ್ಲರಿಗೂ ಹಂಚಬೇಡಿ.

ಈಗ ಮಾತಾಡಿಸುವ ವಿಷಯ. ಅಜ್ಜ ಇನ್ನೂ ಇದ್ದಾರೆ, ನೆನಪು ಚೆನ್ನಾಗಿದೆ ಎಂದುಕೊಳ್ಳೋಣ. ಬಿಡಿಭಾಗಗಳನ್ನು ಸ್ಥಳದಲ್ಲೇ ಜೋಡಿಸಿ ಕಟ್ಟುವ ಬೆಯ್ಲಿ ಎಂಬ ಉಕ್ಕಿನ ಸೇತುವೆಯೊಂದನ್ನೇ ತೆಗೆದುಕೊಳ್ಳಿ; ಎರಡನೆಯ ಮಹಾಯುದ್ಧದಿಂದ ಈಚೆಗೆ ಸ್ಯಾಪರ್ ಆದವರಲ್ಲಿ ಅದನ್ನು ಮುಟ್ಟದವರು ಕಡಿಮೆ. 2024ರ ಜುಲೈ 30ರಂದು ವಯನಾಡಿನಲ್ಲಿ ಭೂಕುಸಿತವಾದಾಗ ಬೆಂಗಳೂರಿನ ಎಂ.ಇ.ಜಿ. ತಂಡ ಚೂರಲ್‌ಮಲ ಮತ್ತು ಮುಂಡಕ್ಕೈ ನಡುವೆ 190 ಅಡಿಯ ಸೇತುವೆಯನ್ನು ಸುಮಾರು 31 ಗಂಟೆಗಳಲ್ಲಿ ಕಟ್ಟಿ ಆಗಸ್ಟ್ 1ರ ಸಂಜೆ ಮುಗಿಸಿತಲ್ಲ, ಅದು ಇದೇ ಜಾತಿಯದು. ಆ ಚಿತ್ರಗಳನ್ನು ಅಜ್ಜನ ಮುಂದಿಟ್ಟರೆ ಅರ್ಧ ಕೆಲಸ ಆದಂತೆ. ಉಳಿದರ್ಧಕ್ಕೆ ನಿಮಗೂ ಒಂದಿಷ್ಟು ಗೊತ್ತಿರಬೇಕು.

ಬೆಯ್ಲಿಯ ಮೂಲ ಭಾಗ ಪ್ಯಾನೆಲ್. ಹತ್ತಡಿ ಉದ್ದ, ಐದಡಿ ಎತ್ತರ, ಒಳಗೆ ಅಡ್ಡಪಟ್ಟಿಗಳಿರುವ ಉಕ್ಕಿನ ಚೌಕಟ್ಟು. ಎತ್ತಿ ನಿಲ್ಲಿಸಿದರೆ ತೋಟದ ಗೇಟಿನಂತೆ ಕಾಣುತ್ತದೆ. ತೂಕ ಸುಮಾರು 260 ಕಿಲೊ. ಹೊರುವ ಕೋಲುಗಳನ್ನು ತೂರಿಸಿ ಆರು ಮಂದಿ ಎತ್ತುತ್ತಾರೆ, ತಲೆಗೆ 43 ಕಿಲೊ ಚಿಲ್ಲರೆ. ಕ್ರೇನ್ ಇಲ್ಲದೆ ಮನುಷ್ಯರ ಕೈಯಲ್ಲೇ ಕಟ್ಟುವಂತಿರಬೇಕು ಎಂದೇ ಡೊನಾಲ್ಡ್ ಬೆಯ್ಲಿ ಎಂಬ ಬ್ರಿಟಿಷ್ ಎಂಜಿನಿಯರ್ ಹೀಗೆ ರೂಪಿಸಿದ್ದು. ಪ್ಯಾನೆಲ್ಲಿನ ಒಂದು ತುದಿ ಗಂಡು, ಇನ್ನೊಂದು ಹೆಣ್ಣು. ಒಂದರೊಳಗೆ ಒಂದು ಕೂಡಿಸಿ ಮೇಲೊಂದು, ಕೆಳಗೊಂದು ಪಿನ್ ಹೊಡೆಯುತ್ತಾರೆ. ಪಿನ್ನಿನ ತುದಿಯಲ್ಲಿ ಸೇಫ್ಟಿ ಪಿನ್ನಿಗೆ ಸಣ್ಣ ತೂತು. ಪಿನ್ ಒಳಗೆ ಹೋದ ಮೇಲೆ ತೂತು ಯಾವ ಕಡೆ ತಿರುಗಿದೆ ಎಂದು ತಲೆಯ ಕಡೆಯಿಂದ ಕಾಣುವುದಿಲ್ಲ. ಅದಕ್ಕೆಂದೇ ಪಿನ್ನಿನ ತಲೆಯ ಮೇಲೆ ತೂತಿನ ದಿಕ್ಕಿಗೇ ಒಂದು ಗೀರು ಕೊರೆದಿರುತ್ತಾರೆ. ಕತ್ತಲಲ್ಲಿ ಕಟ್ಟುವವನು ಆ ಗೀರನ್ನು ಬೆರಳಿನಿಂದಲೇ ಮುಟ್ಟಿ ತಿಳಿಯಬಹುದು. ಎಂಬತ್ತು ದಾಟಿದ ಸ್ಯಾಪರ್ ಬಳಿ "ಪಿನ್ನಿನ ತಲೆ ಮೇಲೆ ಗೀರು ಯಾಕಿರುತ್ತೆ?" ಎಂದು ಕೇಳಿ ನೋಡಿ. ಕೈ ತಾನಾಗಿ ಮೇಲೆ ಬರುತ್ತದೆ, ಹೆಬ್ಬೆರಳು ಗಾಳಿಯಲ್ಲಿ ಗೀರನ್ನು ಹುಡುಕುತ್ತದೆ. ಮಾತು ಅಲ್ಲಿಂದ ಶುರುವಾಗುತ್ತದೆ.

ಎರಡು ಬದಿಯ ಪ್ಯಾನೆಲ್ ಸಾಲುಗಳನ್ನು ಜೋಡಿಸುವ ಅಡ್ಡತೊಲೆಗೆ ಟ್ರಾನ್ಸಮ್ ಎನ್ನುತ್ತಾರೆ, ಅದನ್ನು ಹೊರಲು ಎಂಟು ಮಂದಿ ಬೇಕು. ಅದರ ಮೇಲೆ ಉದ್ದುದ್ದಕ್ಕೆ ಸ್ಟ್ರಿಂಜರ್, ಹಳೆಯ ಬಗೆಯಲ್ಲಿ ಅದರ ಮೇಲೆ ಚೆಸ್ ಎಂಬ ಮರದ ಹಲಗೆ, ಹತ್ತಡಿಯ ಒಂದು ಅಂಕಣಕ್ಕೆ 13 ಹಲಗೆ. ಬದಿಯಲ್ಲಿ ಒಂದೇ ಸಾಲು ಪ್ಯಾನೆಲ್ ಇದ್ದರೆ 'ಸಿಂಗಲ್-ಸಿಂಗಲ್'. ಎರಡು ಸಾಲು ಇಟ್ಟು ಎತ್ತರ ಒಂದೇ ಇದ್ದರೆ 'ಡಬಲ್-ಸಿಂಗಲ್'. ಮೂರು ಸಾಲು, ಎರಡು ಅಂತಸ್ತು ಆದರೆ 'ಟ್ರಿಪಲ್-ಡಬಲ್'. ಉದ್ದ ಹೆಚ್ಚಿದಂತೆ, ಹೋಗುವ ಗಾಡಿ ಭಾರವಾದಂತೆ ಸಾಲು ಹೆಚ್ಚುತ್ತವೆ. ಸೇತುವೆಯ ತುದಿಯಲ್ಲಿ ಹಳದಿ ತಟ್ಟೆಯ ಮೇಲೆ ಬರೆದ ಅಂಕಿ ಅದು ಹೊರುವ ಭಾರದ ದರ್ಜೆ. ಹಳೆಯ ಫೋಟೋದಲ್ಲಿ ಆ ತಟ್ಟೆ ಕಂಡರೆ ದೊಡ್ಡದು ಮಾಡಿ ನೋಡಿ.

ಕಷ್ಟವೆಲ್ಲ ದಾಟಿಸುವುದರಲ್ಲಿ. ಆಚೆ ದಡದಲ್ಲಿ ನಮ್ಮವರಿರುವುದಿಲ್ಲ, ನಡುವೆ ಕಂಬವಿಲ್ಲ. ಸೇತುವೆಯನ್ನು ಈಚೆ ದಡದಲ್ಲಿ ರೋಲರುಗಳ ಮೇಲೆ ಕಟ್ಟುತ್ತ ಮುಂದೆ ತಳ್ಳುತ್ತಾರೆ. ಮುಂದಿನ ತುದಿಗೆ ಹಲಗೆಯಿಲ್ಲದ ಹಗುರ ಚೌಕಟ್ಟು, ಅದಕ್ಕೆ ನೋಸ್ ಎಂದು ಹೆಸರು. ಆ ಮೂಗು ಆಚೆ ದಡ ಮುಟ್ಟುವವರೆಗೆ ಇಡೀ ಭಾರದ ಕೇಂದ್ರ ಈಚೆ ದಡದ ರೋಲರಿಗಿಂತ ಹಿಂದೆಯೇ ಇರಬೇಕು. ಲೆಕ್ಕ ತಪ್ಪಿದರೆ ಹಿಂಬದಿ ಎದ್ದು ಮೂಗು ಹೊಳೆಗೆ ಬೀಳುತ್ತದೆ. ಲೆಕ್ಕ ಸರಿಯಿದ್ದರೂ ಗಾಳಿಯಲ್ಲಿ ಚಾಚಿದ ಉಕ್ಕು ತನ್ನ ಭಾರಕ್ಕೇ ಬಾಗುತ್ತದೆ. ಅದಕ್ಕೆ ಮೂಗಿನ ಕೆಳಗಿನ ಕೂಡಿಕೆಯಲ್ಲಿ ಲಿಂಕ್ ಎಂಬ ತುಂಡು ಸೇರಿಸಿ ತುದಿಯನ್ನು ಮೊದಲೇ ಮೇಲಕ್ಕೆ ಎತ್ತಿರುತ್ತಾರೆ. ಮೂಗು ದಡ ಸೇರಿದ ಮೇಲೆ ಅದನ್ನು ಬಿಚ್ಚಿ, ಜ್ಯಾಕ್ ಕೊಟ್ಟು ಸೇತುವೆಯನ್ನು ರೋಲರಿನಿಂದ ಕೆಳಗಿಳಿಸಿ ಬೇರಿಂಗಿನ ಮೇಲೆ ಕೂರಿಸುತ್ತಾರೆ. ಬೆರಳು ಜಜ್ಜುವುದು, ಪಾದ ಜಜ್ಜುವುದು ಹೆಚ್ಚಾಗಿ ಜ್ಯಾಕಿನ ಬಳಿ ಮತ್ತು ಪ್ಯಾನೆಲ್ ಇಳಿಸುವಾಗ.

ಇಷ್ಟು ಗೊತ್ತಿದ್ದರೆ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ಪ್ಯಾನೆಲ್ ಪಾರ್ಟಿಯಲ್ಲಿದ್ದಿರೋ ಟ್ರಾನ್ಸಮ್ ಪಾರ್ಟಿಯಲ್ಲೋ? ಪಕ್ಕದಲ್ಲಿ ಹೊರುತ್ತಿದ್ದವರು ಯಾರು, ಯಾವ ಊರಿನವರು? ಎತ್ತರ ಹೊಂದದವರನ್ನು ಒಂದೇ ಕೋಲಿಗೆ ಹಾಕಿದರೆ ಏನಾಗುತ್ತಿತ್ತು? ಹೆಜ್ಜೆ ಹೊಂದಿಸಲು ಯಾರು ಕೂಗುತ್ತಿದ್ದರು, ತಮಿಳಿನಲ್ಲೋ ಹಿಂದೂಸ್ತಾನಿಯಲ್ಲೋ? ಕೈಗವಸು ಇತ್ತೇ? ಹೊಳೆಯ ನೀರು ಏರಿದಾಗ ರೋಲರ್ ಕೂರಿಸಿದ ನೆಲ ಕುಸಿಯಲಿಲ್ಲವೇ? ರಸ್ತೆ ಕೆಲಸದವರಾದರೆ, ಅಂದರೆ ಗಡಿಯ ರಸ್ತೆ ಕಟ್ಟಲು 1960ರ ಮೇ 7ರಂದು ಶುರುವಾದ ಬಾರ್ಡರ್ ರೋಡ್ಸ್‌ಗೆ ಹೋದವರಾದರೆ, ಚಳಿಗೆ ಡೀಸೆಲ್ ಗಟ್ಟಿಯಾಗಿ ಡೋಜರ್ ಶುರುವಾಗದ ಬೆಳಗಿನ ಬಗ್ಗೆ ಕೇಳಿ. ಮೈನು, ಅಂದರೆ ನೆಲದಲ್ಲಿ ಹೂತಿಟ್ಟ ಸ್ಫೋಟಕ, ತೆಗೆದವರಾದರೆ ನೆಲಕ್ಕೆ ಚುಚ್ಚುವ ಸಲಾಕೆಯನ್ನು ಸುಮಾರು 30 ಡಿಗ್ರಿ ಓರೆಯಾಗಿ ಹಿಡಿಯುವುದು ಏಕೆ ಎಂದು ಕೇಳಿ: ನೆಟ್ಟಗೆ ಚುಚ್ಚಿದರೆ ಮೈನಿನ ಮೇಲಿನ ಒತ್ತುತಟ್ಟೆಗೆ ತಾಗುತ್ತದೆ, ಓರೆಯಾಗಿ ಹೋದರೆ ಪಕ್ಕಕ್ಕೆ ತಾಗುತ್ತದೆ. 1971ರ ಡಿಸೆಂಬರಿನಲ್ಲಿ ಪಶ್ಚಿಮ ರಂಗದ ಬಸಂತರ್ ಹೊಳೆಯ ಬಳಿ ಟ್ಯಾಂಕುಗಳಿಗೆ ಮೈನುಗಳ ನಡುವೆ ದಾರಿ ಬಿಡಿಸಿದ್ದು ಮದ್ರಾಸ್ ಸ್ಯಾಪರ್‌ಗಳ 9 ಎಂಜಿನಿಯರ್ ರೆಜಿಮೆಂಟ್. ಅಲ್ಲಿದ್ದವರನ್ನು ಕೇಳುವಾಗ ಮಾತು ತಡೆದರೆ ಒತ್ತಾಯ ಬೇಡ. ನೀರು ಕೊಟ್ಟು ರೆಕಾರ್ಡಿಂಗ್ ನಿಲ್ಲಿಸಿ, ಊಟದ ವಿಷಯಕ್ಕೆ ಹೋಗಿ. ಲಂಗರು (ಸೇನೆಯ ಅಡುಗೆಮನೆ), ಬಡಾಖಾನಾ (ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ದೊಡ್ಡ ಊಟ), ರಮ್ಮಿನ ಕೋಟಾ, ಇವು ಯಾವಾಗಲೂ ಕೈಹಿಡಿಯುತ್ತವೆ.

ರೆಕಾರ್ಡಿಂಗಿಗೆ ಫೋನ್ ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ, ಬಾಯಿಂದ ಒಂದು ಅಡಿ ದೂರ, ಮೇಜಿನ ಮೇಲೆ ಮಡಿಸಿದ ಟವೆಲಿನ ಮೇಲಿಡಿ. ಬರಿ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೆಲ್ಲ ಗುಡುಗಾಗಿ ಬರುತ್ತದೆ. ಫ್ಯಾನ್ ಆರಿಸಿ, ಕುಕ್ಕರ್ ಕೂಗುವ ಹೊತ್ತು ತಪ್ಪಿಸಿ. ಮೊದಲು ಎರಡು ನಿಮಿಷ ರೆಕಾರ್ಡ್ ಮಾಡಿ ಇಯರ್‌ಫೋನಿನಲ್ಲಿ ಕೇಳಿ ನೋಡಿ. ಸ್ಫೋಟದ ಸದ್ದಿನ ನಡುವೆ ದುಡಿದವರ ಕಿವಿ ಒಂದು ಕಡೆ ಮಂದವಾಗಿರುವುದುಂಟು, ಚೆನ್ನಾಗಿ ಕೇಳುವ ಕಡೆ ಕೂತು, ತುಟಿ ಕಾಣುವಂತೆ ಮಾತಾಡಿ. ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಡ. ಇಸವಿ ಕೇಳುತ್ತ ಕೂರಬೇಡಿ, ಇಸವಿ ಕಾಗದದಲ್ಲಿ ಸಿಗುತ್ತದೆ. ಫೋಟೋ ತೋರಿಸುವುದಾದರೆ ಫೋನಿನಲ್ಲಿ ಬೇಡ, ಎ-4 ಅಳತೆಗೆ ಮುದ್ರಿಸಿ ಕೈಗೆ ಕೊಡಿ, ಒಬ್ಬೊಬ್ಬರ ತಲೆಯ ಮೇಲೂ ನಂಬರ್ ಬರೆದು "ಮೂರನೆಯವರು ಯಾರು?" ಎಂದು ಕೇಳಿ.

ಫೋಟೋಗಳನ್ನು 600 ಡಿ.ಪಿ.ಐ.ನಲ್ಲಿ, ಕಾಗದಗಳನ್ನು 300ರಲ್ಲಿ, ನೆಗೆಟಿವ್ ಇದ್ದರೆ 2400ರಲ್ಲಿ ಸ್ಕ್ಯಾನ್ ಮಾಡಿಸಿ. ಹಿಂಬದಿಯನ್ನೂ ಮಾಡಿಸಿ, ಸ್ಟುಡಿಯೋದ ಮುದ್ರೆ, ಅಜ್ಜಿಗೆ ಬರೆದ ಒಂದು ಸಾಲು ಅಲ್ಲೇ ಇರುತ್ತದೆ. ಲ್ಯಾಮಿನೇಷನ್ ಮಾಡಿಸಲೇಬೇಡಿ, ಬಿಸಿಗೆ ಅಂಟು ಕಾಗದದೊಳಗೆ ಇಳಿಯುತ್ತದೆ, ಆಮೇಲೆ ಬಿಡಿಸಲು ಬರುವುದಿಲ್ಲ. ಸೆಲೋಟೇಪೂ ಹಾಗೆಯೇ, ಕೆಲವು ವರ್ಷಕ್ಕೆ ಹಳದಿ ಕಲೆಯಾಗುತ್ತದೆ. ಅಂಟುಪುಟದ ಆಲ್ಬಮ್ಮಿನಿಂದ ಫೋಟೋ ಬಿಡಿಸುವಾಗ ಎಳೆಯದೆ, ಹಲ್ಲಿಗೆ ಹಾಕುವ ಫ್ಲಾಸ್ ದಾರವನ್ನು ಕೆಳಗೆ ತೂರಿಸಿ ಗರಗಸದಂತೆ ನಿಧಾನ ಆಡಿಸಿ. ಬಿಡದಿದ್ದರೆ ಪುಟದ ಸಮೇತ ಸ್ಕ್ಯಾನ್ ಮಾಡಿ. ನೆಗೆಟಿವ್ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಫಿಲಂ ಕೆಡುತ್ತಿದೆ, ಬೇರೆಯದರಿಂದ ದೂರವಿಟ್ಟು ಅದನ್ನೇ ಮೊದಲು ಸ್ಕ್ಯಾನ್ ಮಾಡಿಸಬೇಕು. ಕರಾವಳಿ, ಮಲೆನಾಡು, ಕೊಡಗಿನ ಮಳೆಗಾಲಕ್ಕೆ ಟ್ರಂಕು ನೆಲದ ಮೇಲಿರಬಾರದು, ಹೊರಗೋಡೆಗೂ ತಾಗಬಾರದು. ಸಮವಸ್ತ್ರದ ಹಿತ್ತಾಳೆ ಗುಂಡಿಗಳ ಹಿಂದೆ ಹಸಿರು ಕಿಲುಬು ಹಿಡಿದು ಬಟ್ಟೆಗೆ ಇಳಿಯುತ್ತದೆ. ಗುಂಡಿ ತೆಗೆಯಬೇಡಿ, ಹಿಂದೆ ಗಂಜಿ ಹಾಕದ ಹತ್ತಿ ಬಟ್ಟೆಯ ತುಂಡು ಇಡಿ.

ಬರೆಯಲು ಕೂತಾಗ ಮೊದಲ ಪ್ಯಾರಾದಲ್ಲಿ ಗುಣವಾಚಕ ಬೇಡ. ಪೂರ್ತಿ ರ‍್ಯಾಂಕ್, ಹೆಸರು, ಟ್ರೇಡ್, ಘಟಕ, ಎಲ್ಲಿಂದ ಎಲ್ಲಿಯವರೆಗೆ ಸೇವೆ, ಬಿಟ್ಟ ಮೇಲೆ ಏನು. ಬೆಂಗಳೂರಿನ ಕಡೆಯವರಾದರೆ ಈ "ಬಿಟ್ಟ ಮೇಲೆ" ಎಂಬುದೇ ಒಂದು ಅಧ್ಯಾಯ, ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್., ಬಿ.ಇ.ಎಂ.ಎಲ್. ಕಾರ್ಖಾನೆಗಳು ಇದ್ದದ್ದು ಅಲ್ಲೇ. ಸೇನೆಯ ಟ್ರೇಡ್ ಅಲ್ಲಿ ಉಪಯೋಗಕ್ಕೆ ಬಂತೋ, ವೆಲ್ಡರ್ ಆಗಿದ್ದವರು ವಾಚ್‌ಮನ್ ಆದರೋ? ಎರಡನೆಯದಾಗಿದ್ದರೆ ಅದನ್ನೂ ಬರೆಯಬೇಕು, ನಾಚಿಕೆಯಿಂದ ಮುಚ್ಚಿಡುವ ವಿಷಯವಲ್ಲ. ಆಮೇಲೆ ಒಂದು ಕೆಲಸವನ್ನು, ಒಂದೇ ಒಂದನ್ನು, ಶುರುವಿನಿಂದ ಕೊನೆಯವರೆಗೆ ಅವರ ಮಾತಿನಲ್ಲೇ ಬಿಡಿಸಿ ಬರೆಯಿರಿ. ಹಳದಿ ತಟ್ಟೆಯ ಅಂಕಿ ಗೊತ್ತಿದ್ದರೆ ಅಂಕಿ, ಜೊತೆಗಾರನ ಹೆಸರು ಗೊತ್ತಿದ್ದರೆ ಹೆಸರು. ದಾಖಲೆಯಿಂದ ಬಂದದ್ದನ್ನೂ ಅಜ್ಜ ಹೇಳಿದ್ದನ್ನೂ ಬಂಧುಗಳು ಹೇಳಿದ್ದನ್ನೂ ಕಲಸಬೇಡಿ; "ಅವರು ಹೇಳುತ್ತಿದ್ದಂತೆ" ಎಂದು ಸೇರಿಸಲು ಎಷ್ಟು ಹೊತ್ತು ಬೇಕು? ಅಂತರ್ಜಾಲಕ್ಕೆ ಹಾಕುವುದಾದರೆ ಆರ್ಮಿ ನಂಬರ್, ಪಿ.ಪಿ.ಒ. ನಂಬರ್, ಬ್ಯಾಂಕ್ ವಿವರಗಳ ಮೇಲೆ ಕಪ್ಪು ಬಳಿಯಿರಿ. ಕುಟುಂಬ ಪಿಂಚಣಿ ಪಡೆಯುವ ಅಜ್ಜಿಗೆ ಮೋಸದ ಫೋನು ಬರಲು ಅಷ್ಟು ಸಾಕು.

ಸಭೆಯಲ್ಲಿ ಬಂದ ಒಂದು ಪ್ರಶ್ನೆಯನ್ನು ಇಲ್ಲಿ ಸೇರಿಸಬೇಕು: ಅಜ್ಜ ತೀರಿಕೊಂಡು ವರ್ಷಗಳಾಗಿದ್ದರೆ? ಆಗ ಅವರ ಜೊತೆಗಾರರನ್ನು ಹುಡುಕಬೇಕು. ಎಂ.ಇ.ಜಿ.ಯವರಿಗೆ ಸೆಪ್ಟೆಂಬರ್ 30, ಇಡೀ ಎಂಜಿನಿಯರ್ ಪಡೆಗೆ ನವೆಂಬರ್ 18 ಹುಟ್ಟುಹಬ್ಬದ ದಿನಗಳು. ಆ ಹೊತ್ತಿಗೆ ಹಳಬರು ಒಂದೆಡೆ ಸೇರುವುದುಂಟು. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿದರೆ ಊರಿನ ಮಾಜಿ ಸೈನಿಕರ ಸಂಘದ ದಾರಿ ತೋರಿಸುತ್ತಾರೆ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ: ಘಟಕದ ಹೆಸರು, ಇಸವಿ, ಟ್ರೇಡ್ ಬರೆದ ಒಂದು ಚೀಟಿ, ಮುದ್ರಿಸಿದ ಗುಂಪು ಫೋಟೋ, ಒಂದು ಪೆನ್ಸಿಲ್. ಅದೇ ಟ್ರೇಡಿನವರು, ಅದೇ ವರ್ಷಗಳಲ್ಲಿ ಅದೇ ಕಂಪನಿಯಲ್ಲಿದ್ದವರು ಸಿಕ್ಕರೆ ಅಜ್ಜನ ಬಗ್ಗೆ ಕೇಳುವುದಕ್ಕೂ ಮೊದಲು ಅವರ ಸ್ವಂತ ಕೆಲಸದ ಬಗ್ಗೆ ಕೇಳಿ. ಫೋಟೋವನ್ನು ಅದರ ನಂತರ ಕೈಗೆ ಕೊಡಿ.